ಸ್ಪೋರ್ಟ್ಸ್ ಕಾರು: ಕೊಳ್ಳುವ ಮುನ್ನ ಪರೀಕ್ಷೆ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಎತ್ತು ಕೊಳ್ಳಲು ಹೋಗುವ ನಮ್ಮ ರೈತನು ಮೊದಲು ಬೆಲೆಯನ್ನು ಕೇಳುವುದಿಲ್ಲ. ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂದು ತಿಳಿದುಕೊಳ್ಳುತ್ತಾನೆ. ಸುಳಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ, ಗೊರಸು ಊರುವ ಬಗೆಯನ್ನು ಗಮನಿಸುತ್ತಾನೆ. ತನ್ನ ತಿಳಿವಳಿಕೆ ಸಾಲದೆಂದು ತೋರಿದರೆ ಊರಿನ ಅನುಭವಸ್ಥನೊಬ್ಬನನ್ನು ಜೊತೆಗೆ ಕರೆದೊಯ್ಯುತ್ತಾನೆ. ಆ ಅನುಭವಸ್ಥನು ಮಾರುವವನ ಕಡೆಯವನಾಗಿರಬಾರದೆಂಬುದು ಯಾರೂ ಬರೆದಿಡದ, ಆದರೆ ಎಲ್ಲರೂ ಬಲ್ಲ ನಿಯಮ.

ಇಂಥ ವಿವೇಕವಂತರ ಮನೆತನಗಳಿಂದ ಬಂದು ಮುಂಬಯಿ, ಪುಣೆ, ಹೈದರಾಬಾದು, ದಿಲ್ಲಿಗಳಲ್ಲಿ ನೆಲೆಸಿರುವ ನಮ್ಮ ತರುಣರಲ್ಲಿ ಕೆಲವರು ಈಚೆಗೆ ಹಳೆಯ ಸ್ಪೋರ್ಟ್ಸ್ ಕಾರುಗಳತ್ತ ಮನಸ್ಸು ಹರಿಸುತ್ತಿದ್ದಾರೆ. ಇದರಲ್ಲಿ ಅಚ್ಚರಿಯಿಲ್ಲ, ಅಪರಾಧವಂತೂ ಇಲ್ಲ. ಹೊಟ್ಟೆಬಟ್ಟೆಯ ಚಿಂತೆ ಕಳೆದ ಮೇಲೆ ಮನುಷ್ಯನು ಒಂದಿಷ್ಟು ವಿಲಾಸವನ್ನು ಬಯಸುವುದು ಸಹಜವೇ. ಆದರೆ ಹಲವು ವರ್ಷಗಳ ಉಳಿತಾಯವನ್ನು ಒಂದು ಸಂಜೆಯ ನೋಟಕ್ಕೆ, ಒಂದು ಇಂಜಿನಿನ ಗರ್ಜನೆಗೆ, ದಲ್ಲಾಳಿಯ ಒಂದು ಸಿಹಿ ಮಾತಿಗೆ ಒಪ್ಪಿಸಿಬಿಡುವುದು ಅಪರಾಧವಲ್ಲದಿದ್ದರೂ ಅವಿವೇಕ. ಆದುದರಿಂದ ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಳ್ಳುವ ಮುನ್ನ ತಜ್ಞರಿಂದ ಹೇಗೆ ಪರೀಕ್ಷೆ ಮಾಡಿಸಬೇಕು, ಆ ಪರೀಕ್ಷೆಯಲ್ಲಿ ಏನೇನು ಇರಬೇಕು ಎಂಬುದನ್ನು ನಾವು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬಯಸುತ್ತೇವೆ.

ಬೆಲೆ ಇಳಿಯುತ್ತದೆ, ವೆಚ್ಚ ಇಳಿಯುವುದಿಲ್ಲ

ಸಾಮಾನ್ಯ ಕಾರಿಗೂ ಸ್ಪೋರ್ಟ್ಸ್ ಕಾರಿಗೂ ಇರುವ ಮುಖ್ಯ ವ್ಯತ್ಯಾಸ ವೇಗವೆಂದು ಹಲವರು ತಿಳಿದಿದ್ದಾರೆ. ಕೊಳ್ಳುವವನ ದೃಷ್ಟಿಯಿಂದ ಅದು ಮುಖ್ಯವಲ್ಲ. ಕೋಟಿಯ ಆಸುಪಾಸಿನ ಬೆಲೆಯ ಗಾಡಿ ಹತ್ತು ಹನ್ನೆರಡು ವರ್ಷ ಓಡಿದ ಮೇಲೆ ಹೊಸ ಸಾಧಾರಣ ಕಾರಿನ ಬೆಲೆಗೆ ಇಳಿದು ಬರಬಹುದು. ಆದರೆ ಅದರ ಬಿಡಿಭಾಗಗಳ ಬೆಲೆ ಅದರೊಡನೆ ಇಳಿಯುವುದಿಲ್ಲ. ಅದರ ಬ್ರೇಕಿನ ತಟ್ಟೆ, ಕ್ಲಚ್ಚು, ಗೇರುಪೆಟ್ಟಿಗೆಗಳೆಲ್ಲ ಇಂದಿಗೂ ಕೋಟಿ ರೂಪಾಯಿ ಗಾಡಿಯ ಭಾಗಗಳೇ. ಅವನ್ನು ಬಿಚ್ಚಿ ಜೋಡಿಸಬಲ್ಲ ಕೈಗಳೂ ಕಡಿಮೆ. ಕೊಂಡ ಬೆಲೆ ಸಾಧಾರಣ ಗಾಡಿಯದು, ಸಾಕುವ ವೆಚ್ಚ ಐಷಾರಾಮಿ ಗಾಡಿಯದು: ಈ ಅಂತರದಲ್ಲಿಯೇ ಅನೇಕರ ಉಳಿತಾಯ ಮುಳುಗುತ್ತದೆ. ಪರೀಕ್ಷೆಗೆ ತೆರುವ ಹಣ ಸಾವಿರಗಳ ಲೆಕ್ಕ. ಪರೀಕ್ಷೆ ತಪ್ಪಿಸಿದರೆ ತೆರುವ ದಂಡ ಲಕ್ಷಗಳ ಲೆಕ್ಕ. ಈ ಎರಡನ್ನು ತೂಗಿ ನೋಡಿದವರಿಗೆ ಹೆಚ್ಚಿನ ವಾದ ಬೇಕಾಗಿಲ್ಲ.

ಪರೀಕ್ಷಕನು ನಮ್ಮವನಾಗಿರಲಿ

'ನಮ್ಮ ಗ್ಯಾರೇಜಿನಲ್ಲಿಯೇ ತಪಾಸಣೆಯಾಗಿದೆ, ಸರ್ಟಿಫಿಕೇಟು ಇಲ್ಲಿದೆ' ಎಂದು ಮಾರುವವನು ಹೇಳುವುದುಂಟು. ಆ ಕಾಗದ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅದರ ಕೂಲಿಯನ್ನು ಕೊಟ್ಟವರು ಯಾರೆಂಬುದನ್ನು ಮರೆಯಲಾಗದು. ಪರೀಕ್ಷಕನ ಶುಲ್ಕವನ್ನು ಕೊಳ್ಳುವವನೇ ಕೊಡಬೇಕು. ಪರೀಕ್ಷಕನಿಗೆ ಆ ವ್ಯಾಪಾರ ಕುದುರುವುದರಲ್ಲಾಗಲಿ ಮುರಿಯುವುದರಲ್ಲಾಗಲಿ ಯಾವ ಲಾಭವೂ ಇರಬಾರದು. ಮುರಿದರೆ ಬೇರೊಂದು ಗಾಡಿಯನ್ನು ತಾನೇ ತೋರಿಸುವೆನೆಂಬ ಮೆಕ್ಯಾನಿಕ್ಕನೂ ದಲ್ಲಾಳಿಯೇ.

ಎರಡನೆಯ ಮಾತು, ಪರೀಕ್ಷಕನು ಆ ತಯಾರಿಕೆಯ ಗಾಡಿಯನ್ನೇ ಬಲ್ಲವನಾಗಿರಬೇಕು. ನಮ್ಮ ಬೀದಿಯ ಕೊನೆಯ ಮಿಸ್ತ್ರಿ ಎಷ್ಟೇ ಪ್ರಾಮಾಣಿಕನಾಗಿರಲಿ, ಮಾರುತಿಯನ್ನೂ ಹ್ಯುಂಡೈಯನ್ನೂ ಕಣ್ಣು ಮುಚ್ಚಿ ಬಿಚ್ಚಬಲ್ಲವನಾಗಿರಲಿ, ಜರ್ಮನಿಯ ಸ್ಪೋರ್ಟ್ಸ್ ಕಾರಿನ ಹುಟ್ಟುದೋಷಗಳು ಅವನಿಗೆ ತಿಳಿದಿರಲಾರವು. ಕಣ್ಣಿನ ವೈದ್ಯನ ಬಳಿಗೆ ಹೃದಯ ತೋರಿಸಲು ಯಾರೂ ಹೋಗುವುದಿಲ್ಲ.

ಮೂರನೆಯದಾಗಿ, ಗಾಡಿ ಬೇರೆ ಊರಿನಲ್ಲಿದ್ದರೆ ಪರೀಕ್ಷೆಯೂ ಆ ಊರಿನಲ್ಲಿಯೇ, ಹಣ ಕೈಬದಲಾಗುವ ಮುನ್ನವೇ ನಡೆಯಬೇಕು. ಚೆನ್ನೈಯಲ್ಲಿರುವವರು ದಿಲ್ಲಿಯ ಗಾಡಿಯನ್ನು ಛಾಯಾಚಿತ್ರ ನೋಡಿ ಕೊಳ್ಳುವುದು, ನೀರಿನಲ್ಲಿ ಮುಳುಗಿರುವ ಎಮ್ಮೆಗೆ ದಡದಲ್ಲಿ ನಿಂತು ಬೆಲೆ ಕಟ್ಟಿದಂತೆ. ತಾವೇ ಹೋಗಲಾಗದಿದ್ದರೆ ಆ ಊರಿನ ಕನ್ನಡ ಸಂಘದ ಪರಿಚಯದಿಂದ ನಂಬಿಕಸ್ಥರೊಬ್ಬರನ್ನು ಪರೀಕ್ಷಕನ ಜೊತೆಗೆ ನಿಲ್ಲಿಸುವುದು ಕಷ್ಟವಲ್ಲ. ಹೊರನಾಡಿನಲ್ಲಿ ನಮ್ಮವರ ಬಳಗವಿರುವುದು ಇಂಥ ಉಪಯೋಗಕ್ಕೂ ಹೌದು.

ಮೊದಲು ಕಾಗದ, ಅನಂತರ ಗಾಡಿ

ಪರೀಕ್ಷೆ ಇಂಜಿನಿನಿಂದ ಆರಂಭವಾಗುವುದಿಲ್ಲ, ಕಾಗದಗಳಿಂದ ಆರಂಭವಾಗುತ್ತದೆ. ಕಾಗದ ಸರಿಯಿಲ್ಲದ ಗಾಡಿಯ ಇಂಜಿನು ಎಷ್ಟು ಚೆನ್ನಾಗಿದ್ದರೇನು?

ನೋಂದಣಿ ಪುಸ್ತಕದಲ್ಲಿರುವ ಚಾಸಿ ಸಂಖ್ಯೆ, ಇಂಜಿನ್ ಸಂಖ್ಯೆಗಳನ್ನು ಗಾಡಿಯ ಮೇಲಿರುವವುಗಳೊಡನೆ ಒಂದೊಂದು ಅಕ್ಷರವಾಗಿ ಹೋಲಿಸಬೇಕು. ಈಗಿನ ಗಾಡಿಗಳ ಚಾಸಿ ಸಂಖ್ಯೆ 17 ಅಕ್ಷರಾಂಕಗಳದು. ಅದು ಗಾಡಿಯ ಒಂದೇ ಕಡೆ ಇರುವುದಿಲ್ಲ. ಲೋಹದ ಮೇಲೆ ಕೊರೆದ ಅಂಕಿ, ತಯಾರಕರ ಚೀಟಿ, ಗಾಡಿಯ ವಿದ್ಯುನ್ಮಾನ ಪೆಟ್ಟಿಗೆಯ ನೆನಪು ಇವೆಲ್ಲವೂ ಒಂದೇ ಮಾತನ್ನು ಹೇಳಬೇಕು. ಒಂದು ಬೇರೆ ಹೇಳಿದರೆ ಅಲ್ಲಿಗೆ ವ್ಯಾಪಾರ ಮುಗಿಯಿತೆಂದೇ ತಿಳಿಯತಕ್ಕದ್ದು. ಸರಕಾರದ 'ವಾಹನ್' ದಾಖಲೆಯಲ್ಲಿ ನೋಂದಣಿಯ ದಿನ, ವಿಮೆ, ಸಾಲದ ಹಕ್ಕು ಇವನ್ನು ನೋಡಿಕೊಳ್ಳಬಹುದು. ಬ್ಯಾಂಕಿನ ಸಾಲ ತೀರಿದ್ದರೆ ಸಾಲದ ಹಕ್ಕು ರದ್ದಾಗಿರುವುದಕ್ಕೆ 35ನೆಯ ನಮೂನೆ ಸಹಿಯಾಗಿರಬೇಕು, ಬಾಯಿಮಾತು ಸಾಲದು.

ಗಾಡಿ ಹೊರದೇಶದಿಂದ ನೇರವಾಗಿ ಬಂದದ್ದಾದರೆ ಸುಂಕ ಕಟ್ಟಿದ ಕಾಗದವನ್ನು ಕೇಳಲೇಬೇಕು. 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಸುಂಕದ ಇಲಾಖೆಯವರು 'ನುಮ್‌ಖೋರ್' ಎಂಬ ಹೆಸರಿನ ಕಾರ್ಯಾಚರಣೆ ನಡೆಸಿ, ಭೂತಾನಿನ ಮಾರ್ಗವಾಗಿ ಕಳ್ಳತನದಿಂದ ಬಂದವೆಂದು ಶಂಕಿಸಿದ ಬೆಲೆಬಾಳುವ ಗಾಡಿಗಳನ್ನು ವಶಪಡಿಸಿಕೊಂಡರು. ಇಂಥ ಸಂದರ್ಭದಲ್ಲಿ ಕೊಂಡವನು ಎಷ್ಟು ಪ್ರಾಮಾಣಿಕನಾಗಿದ್ದರೂ ಗಾಡಿ ಮೊದಲು ಅವನ ಅಂಗಳದಿಂದಲೇ ಹೋಗುತ್ತದೆ.

ಇನ್ನು ರಾಜ್ಯದಿಂದ ರಾಜ್ಯಕ್ಕೆ ಹೋಗುವ ಗಾಡಿಗಳ ವಿಷಯ. ಇದು ಹೊರನಾಡ ಕನ್ನಡಿಗರಿಗೆ ಹತ್ತಿರದ ಸಂಗತಿ. ದಿಲ್ಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಮತ್ತು ಹದಿನೈದು ವರ್ಷ ಮೀರಿದ ಪೆಟ್ರೋಲ್ ಗಾಡಿಗಳ ಮೇಲೆ ಹಸಿರು ನ್ಯಾಯಾಧಿಕರಣವು ನಿರ್ಬಂಧ ಹೇರಿತು. ಸುಪ್ರೀಮ್ ಕೋರ್ಟು 2018ರಲ್ಲಿ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಅದರ ಜಾರಿಯ ಬಗ್ಗೆ ಮತ್ತೆ ಆಜ್ಞೆಗಳು ಬಂದವು. ಈ ಅನಿಶ್ಚಯದಿಂದ ವಯಸ್ಸಾದ ಗಾಡಿಗಳು ಅಲ್ಲಿ ಅಗ್ಗವಾಗಿ ಕಾಣುತ್ತವೆ. ಆದರೆ ಅಗ್ಗದ ಲೆಕ್ಕ ಹಾಕುವಾಗ ಮುಂದಿನ ಖರ್ಚನ್ನೂ ಸೇರಿಸಬೇಕು. ಬೇರೆ ರಾಜ್ಯಕ್ಕೆ ಒಯ್ಯಲು ಮೂಲ ಆರ್‌ಟಿಓ ಕಚೇರಿಯ ನಿರಾಕ್ಷೇಪಣ ಪತ್ರ ಬೇಕು. ಮೋಟಾರು ವಾಹನಗಳ 1988ರ ಶಾಸನದಂತೆ, ಗಾಡಿ ಹನ್ನೆರಡು ತಿಂಗಳು ಮೀರಿ ಮತ್ತೊಂದು ರಾಜ್ಯದಲ್ಲಿ ನಿಂತರೆ ಅಲ್ಲಿನ ಹೊಸ ಸಂಖ್ಯೆ ಪಡೆಯಬೇಕು. ಅದರೊಡನೆ ಆ ರಾಜ್ಯದ ತೆರಿಗೆಯೂ ಬರುತ್ತದೆ. ಮುಂಬಯಿಯಲ್ಲಿ ಕೊಂಡು ಮಂಗಳೂರಿನ ಮನೆಯಲ್ಲಿ ಇಡಬೇಕೆಂದಿರುವವರು ಈ ಮೊತ್ತವನ್ನು ಬೆಲೆಯ ಮೇಲೆ ಕೂಡಿಸಿಯೇ ಚೌಕಾಶಿಗೆ ಕೂರಲಿ. ವಿಮೆಯನ್ನೂ ಹದಿನಾಲ್ಕು ದಿನಗಳೊಳಗೆ ತಮ್ಮ ಹೆಸರಿಗೆ ಬರೆಸಿಕೊಳ್ಳಲು ಅರ್ಜಿ ಹಾಕಬೇಕು. ಹಳೆಯ ಒಡೆಯನು ಗಳಿಸಿದ ನೋ ಕ್ಲೇಮ್ ರಿಯಾಯತಿ ಅವನದೇ. ಅದು ಗಾಡಿಯ ಸಂಗಡ ಬರುವುದಿಲ್ಲ.

ಬಣ್ಣದ ಕೆಳಗಿನ ಕಥೆ

ಕಾಗದಗಳು ಒಪ್ಪಿಗೆಯಾದ ಮೇಲೆ ಗಾಡಿಯ ಮೈಯನ್ನು ನೋಡಬೇಕು. ವೇಗದ ಗಾಡಿ ಎಲ್ಲಿಯೋ ಒಮ್ಮೆ ಬಡಿದಿರುವ ಸಂಭವ ಸಾಧಾರಣ ಗಾಡಿಗಿಂತ ಹೆಚ್ಚು. ಟಿಂಕರಿಂಗ್ ಬಲ್ಲವನ ಕೈಚಳಕವನ್ನು ಬರಿಗಣ್ಣು ಹಿಡಿಯಲಾರದು. ಅದಕ್ಕೆಂದೇ ಬಣ್ಣದ ದಪ್ಪವನ್ನು ಅಳೆಯುವ ಪುಟ್ಟ ಉಪಕರಣವಿದೆ. ಕಾರ್ಖಾನೆಯ ಬಣ್ಣದ ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನಿನ ಸುಮಾರಿನದು. ಮರಳಿ ಬಳಿದ ಕಡೆ ಅದು ಇಮ್ಮಡಿಯಾಗುತ್ತದೆ. ಪುಟ್ಟಿ ಮೆತ್ತಿದ ಕಡೆ ಎಷ್ಟೋ ನೂರು ಮೈಕ್ರಾನಿಗೆ ಏರುತ್ತದೆ. ಒಂದು ಬಾಗಿಲಿಗೆ ಮರುಬಣ್ಣವಾಗಿದ್ದರೆ ಗಾಬರಿಯಾಗಬೇಕಾಗಿಲ್ಲ. ಬೀದಿಯಲ್ಲಿ ಗೀಚು ಬೀಳದ ಗಾಡಿ ಯಾವುದು? ಆದರೆ ಛಾವಣಿಯ ಕಂಬಗಳಲ್ಲಿ, ಮುಂಭಾಗದ ಒಳಗಟ್ಟಿನಲ್ಲಿ ಪುಟ್ಟಿ ಕಂಡರೆ ಗಾಡಿಯ ಎಲುಬೇ ಮುರಿದು ಕೂಡಿಸಿದೆ ಎಂದರ್ಥ.

ಪರೀಕ್ಷಕನು ಗಾಡಿಯನ್ನು ಲಿಫ್ಟಿಗೆ ಏರಿಸಿ ಕೆಳಗಿನಿಂದ ನೋಡಲೇಬೇಕು. ನೆಲಕ್ಕೆ ತಾಗುವಷ್ಟು ತಗ್ಗಾದ ಈ ಗಾಡಿಗಳಿಗೆ ನಮ್ಮ ರಸ್ತೆಗಳ ಹಂಪುಗಳು ಶತ್ರುಗಳು. ತಳದ ರಕ್ಷಾಫಲಕ ಒಡೆದಿರುವುದು, ಎಣ್ಣೆಯ ತೊಟ್ಟಿ ಜಜ್ಜಿರುವುದು, ತಂಪುನೀರಿನ ಕೊಳವೆ ಚಪ್ಪಟೆಯಾಗಿರುವುದು ಮೇಲಿನಿಂದ ಕಾಣುವುದಿಲ್ಲ.

ಇದಕ್ಕಿಂತ ಭಯಂಕರವಾದುದು ನೀರು. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದುದನ್ನು ನಮ್ಮ ವಾಚಕರಲ್ಲಿ ಅನೇಕರು ಮರೆತಿಲ್ಲ. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರಿನ ಸಿರಿವಂತರ ಬಡಾವಣೆಯಲ್ಲಿ ದುಬಾರಿ ಕಾರುಗಳು ನೀರಿನಲ್ಲಿ ನಿಂತ ಚಿತ್ರಗಳನ್ನು ದೇಶವೆಲ್ಲ ಕಂಡಿತು. ಮುಳುಗಿದ ಗಾಡಿ ತೊಳೆದರೆ ಹೊಳೆಯುತ್ತದೆ. ಆದರೆ ಅದರ ವಿದ್ಯುನ್ಮಾನ ಪೆಟ್ಟಿಗೆಗಳೊಳಗೆ ತುಕ್ಕು ತಿಂಗಳುಗಟ್ಟಲೆ ಮೆಲ್ಲನೆ ಕೆಲಸ ಮಾಡುತ್ತದೆ. ಆಸನದ ಬೆಲ್ಟನ್ನು ಕೊನೆಯವರೆಗೆ ಎಳೆದು ಅದರ ಬುಡದಲ್ಲಿ ಕೆಸರಿನ ಗೆರೆಯಿದೆಯೆ ನೋಡಿರಿ. ಆಸನ ಸರಿಯುವ ಹಳಿಯ ತುಕ್ಕು, ನೆಲಹಾಸಿನ ಅಡಿಯ ಮಣ್ಣು, ದೀಪದ ಗಾಜಿನೊಳಗಿನ ಮಂಜು, ತಂತಿಗಳ ಜೋಡಣೆಯಲ್ಲಿ ಹಸಿರು ಕಿಲುಬು ಇವು ಮುಚ್ಚಿಡಲಾಗದ ಸಾಕ್ಷಿಗಳು. ಒಳಗೆ ಸುಗಂಧ ವಿಪರೀತವಾಗಿದ್ದರೆ ಅದು ಯಾವ ವಾಸನೆಯನ್ನು ಮುಚ್ಚುತ್ತಿದೆ ಎಂದು ಕೇಳಿಕೊಳ್ಳಿರಿ. ಮುಳುಗಿದ ಗಾಡಿಯನ್ನು ಯಾವ ಬೆಲೆಗೂ ಕೊಳ್ಳಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ.

ಒಂದು ಉದಾಹರಣೆ: ಬಾಕ್ಸ್‌ಸ್ಟರ್

ಸಾಮಾನ್ಯ ಮಾತು ಸಾಕು. ಒಂದು ಗಾಡಿಯನ್ನೇ ಎತ್ತಿಕೊಂಡು ನೋಡೋಣ. ಜರ್ಮನಿಯ ಸ್ಟುಟ್‌ಗಾರ್ಟಿನ ಪೋರ್ಷೆ ಕಂಪನಿ ತೊಂಬತ್ತರ ದಶಕದ ಕೊನೆಯಲ್ಲಿ ಬಾಕ್ಸ್‌ಸ್ಟರ್ ಎಂಬ, ಮಡಿಚುವ ಛಾವಣಿಯ ಎರಡು ಆಸನದ ಕಾರನ್ನು ಹೊರತಂದಿತು. ಹೆಸರಾಂತ ಕಂಪನಿಯ ಗಾಡಿಗಳಲ್ಲಿ ಕೈಗೆಟುಕುವ ಬೆಲೆಗೆ ಇಳಿಯುವವುಗಳಲ್ಲಿ ಇದೂ ಒಂದಾದುದರಿಂದ ಹಳೆಯ ಸ್ಪೋರ್ಟ್ಸ್ ಕಾರು ಬಯಸುವವರ ಕಣ್ಣು ಎಲ್ಲ ದೇಶಗಳಲ್ಲಿಯೂ ಇದರ ಮೇಲೆ ಬೀಳುತ್ತದೆ.

ಇದರ ಮುಂದಿನ ಮುಚ್ಚಳವನ್ನೆತ್ತಿದರೆ ಸಾಮಾನಿಡುವ ಡಿಕ್ಕಿ. ಹಿಂದಿನದನ್ನೆತ್ತಿದರೆ ಅಲ್ಲಿಯೂ ಡಿಕ್ಕಿ! ಇಂಜಿನು ಆಸನಗಳ ಹಿಂದೆ, ಗಾಡಿಯ ನಡುವಿನಲ್ಲಿ ಹುದುಗಿದೆ. ಕೊಳ್ಳುವವನು ನೋಡಬೇಕೆಂದರೂ ಅದು ಕಾಣುವುದಿಲ್ಲ. ಬರಿಗಣ್ಣಿನ ಪರೀಕ್ಷೆ ಏಕೆ ಸಾಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈ ಗಾಡಿಯ ಮೊದಲ ತಲೆಮಾರುಗಳ ಇಂಜಿನಿನೊಳಗೆ ಒಂದು ನಡುದಂಡವಿದೆ. ಮುಖ್ಯದಂಡದ ತಿರುಗುವಿಕೆಯನ್ನು ಕವಾಟಗಳನ್ನು ತೆರೆದು ಮುಚ್ಚುವ ಭಾಗಕ್ಕೆ ಮುಟ್ಟಿಸುವುದು ಅದರ ಕೆಲಸ. ಆ ದಂಡದ ಒಂದು ತುದಿಯನ್ನು ಹೊತ್ತಿರುವುದು ಒಂದು ಚಿಕ್ಕ ಬೇರಿಂಗು. ಅದು ಸವೆದು ಒಡೆದರೆ ಕವಾಟಗಳ ತಾಳ ತಪ್ಪಿ, ಪಿಸ್ಟನ್ನುಗಳು ಅವಕ್ಕೆ ಬಡಿದು, ಕ್ಷಣಮಾತ್ರದಲ್ಲಿ ಇಡೀ ಇಂಜಿನು ನಾಶವಾಗಬಹುದು. ಎಲ್ಲ ಗಾಡಿಗಳಲ್ಲಿಯೂ ಹೀಗಾಗುವುದಿಲ್ಲ. ಬಹುಪಾಲು ಗಾಡಿಗಳು ಇಂದಿಗೂ ಓಡುತ್ತಿವೆ. ಆದರೂ ದೂರು ಎಷ್ಟು ಬೆಳೆಯಿತೆಂದರೆ, 2001ರಿಂದ 2005ರವರೆಗಿನ ಮಾದರಿಗಳನ್ನು ಕುರಿತು ಅಮೆರಿಕದ ಗ್ರಾಹಕರು ಹೂಡಿದ ಸಾಮೂಹಿಕ ದಾವೆ 2013ರಲ್ಲಿ ರಾಜಿಯಲ್ಲಿ ಮುಗಿಯಿತು. 2009ರ ಮಾದರಿಯಿಂದ ಬಂದ ಹೊಸ ಇಂಜಿನಿನಲ್ಲಿ ಆ ನಡುದಂಡವೇ ಇಲ್ಲ. ಹಳೆಯ ಮಾದರಿ ಕೊಳ್ಳುವವರು ಎರಡು ಪ್ರಶ್ನೆಗಳನ್ನು ಕೇಳಬೇಕು: ಬೇರಿಂಗನ್ನು ಬದಲಿಸಿದ ರಸೀದಿ ಇದೆಯೆ? ಇಲ್ಲದಿದ್ದರೆ ಆಯಿಲ್ ಫಿಲ್ಟರನ್ನು ಬಿಚ್ಚಿ, ಅದರ ಮಡಿಕೆಗಳಲ್ಲಿ ಲೋಹದ ಚೂರುಗಳಿವೆಯೇ ಎಂದು ನೋಡಲು ಮಾರುವವನು ಒಪ್ಪುವನೆ?

ಎರಡನೆಯ ರೋಗ ಸಿಲಿಂಡರಿನ ಒಳಗೋಡೆ ಗೀರುವುದು. ಎಣ್ಣೆ ಹೆಚ್ಚು ಕುಡಿಯುವುದು, ಹೊಗೆ ಕೊಳವೆಯ ಒಂದು ಬದಿ ಮಾತ್ರ ವಿಪರೀತ ಕಪ್ಪಾಗಿರುವುದು, ನಿಧಾನಗತಿಯಲ್ಲಿ ಟಕಟಕ ಸದ್ದು ಬರುವುದು ಇದರ ಚಿಹ್ನೆಗಳು. ನಿಶ್ಚಯಿಸಿಕೊಳ್ಳಲು ಸ್ಪಾರ್ಕ್ ಪ್ಲಗ್ಗು ತೆಗೆದ ರಂಧ್ರದಿಂದಲೋ ಕೆಳಗಿನ ಎಣ್ಣೆತೊಟ್ಟಿಯ ಕಡೆಯಿಂದಲೋ ಸಣ್ಣ ಕ್ಯಾಮರಾ ಇಳಿಸಿ ಗೋಡೆಯನ್ನು ನೋಡಬೇಕು. ವೈದ್ಯರು ಜಠರವನ್ನು ನೋಡುವ ರೀತಿಯೇ ಇದು.

ಇವು ಬಾಕ್ಸ್‌ಸ್ಟರಿನ ರೋಗಗಳು. ಬೇರೆ ಗಾಡಿಗೆ ಬೇರೆ ರೋಗ. ನಮ್ಮ ಉದ್ದೇಶ ಆ ಗಾಡಿಯನ್ನು ಹಳಿಯುವುದಲ್ಲ. ಪ್ರತಿಯೊಂದು ತಯಾರಿಕೆಗೂ ಅದರದೇ ಗುಟ್ಟುಗಳಿರುವುದರಿಂದ, ಎಲ್ಲಕ್ಕೂ ಒಂದೇ ಅಚ್ಚಿನ ತಪಾಸಣೆಯ ಪಟ್ಟಿ ಸಾಲದೆಂದು ತೋರಿಸುವುದಷ್ಟೆ.

ತಣ್ಣನೆಯ ಇಂಜಿನು, ಮರೆಯದ ಪೆಟ್ಟಿಗೆ

ಪರೀಕ್ಷೆಯ ದಿನ ಗಾಡಿಯ ಇಂಜಿನು ತಣ್ಣಗಿರಬೇಕೆಂದು ಮುಂಚಿತವಾಗಿಯೇ ಹೇಳಿಡಿರಿ. ನೀವು ಹೋಗುವ ಹೊತ್ತಿಗೆ ಅದು ಬಿಸಿಯಾಗಿದ್ದರೆ ಯಾವುದೋ ಸದ್ದನ್ನೋ ಹೊಗೆಯನ್ನೋ ಅಡಗಿಸಲಾಗಿದೆಯೆಂಬ ಶಂಕೆಗೆ ಎಡೆಯುಂಟು. ಮೊದಲ ಚಾಲನೆಯ ಮೊದಲ ನಿಮಿಷ ಬಹಳ ಮಾತಾಡುತ್ತದೆ.

ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆಯುವುದು ಒಂದು ಪರೀಕ್ಷೆ. ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆಂದು ನೋಡುವುದು ಇನ್ನೊಂದು. ಎರಡನೆಯದು ಹೆಚ್ಚು ಸೂಕ್ಷ್ಮ. ಸೋರಿಕೆ ಶೇಕಡಾ ಹತ್ತರೊಳಗಿದ್ದರೆ ಆರೋಗ್ಯ, ಇಪ್ಪತ್ತನ್ನು ದಾಟಿದರೆ ಸಂದೇಹ ಎಂದು ಅನುಭವಿಗಳು ಲೆಕ್ಕ ಹಾಕುತ್ತಾರೆ. ಒಂದೊಂದರ ಅಂಕಿಗಿಂತ ಎಲ್ಲ ಸಿಲಿಂಡರುಗಳೂ ಒಂದೇ ಮಟ್ಟದಲ್ಲಿರುವುದು ಮುಖ್ಯ.

ಇನ್ನು ಗಾಡಿಯ ವಿದ್ಯುನ್ಮಾನ ಮಿದುಳು. ಮನುಷ್ಯನು ಮರೆಯುವುದನ್ನೂ ಮರೆಸುವುದನ್ನೂ ಅದು ಮರೆಯುವುದಿಲ್ಲ. ಪೋರ್ಷೆಯ ಈಚಿನ ಗಾಡಿಗಳಲ್ಲಿ ಇಂಜಿನು ಒಟ್ಟು ಎಷ್ಟು ಗಂಟೆ ಓಡಿದೆ, ಮಿತಿಮೀರಿದ ಸುತ್ತುಗಳಲ್ಲಿ ಎಷ್ಟು ಬಾರಿ ತಿರುಗಿದೆ, ಹಾಗೆ ತಿರುಗಿದ್ದು ಯಾವ ಗಂಟೆಯಲ್ಲಿ ಎಂಬುದೆಲ್ಲ ದಾಖಲಾಗಿರುತ್ತದೆ. ಕಾಲಿನಿಂದ ಎಷ್ಟೇ ಒತ್ತಿದರೂ ಇಂಜಿನು ಮಿತಿ ಮೀರದಂತೆ ತಡೆಯುವ ಏರ್ಪಾಡಿದೆ. ಆದರೆ ಕೈಗೇರಿನ ಗಾಡಿಯಲ್ಲಿ ನಾಲ್ಕರಿಂದ ಐದಕ್ಕೆ ಹೋಗಬೇಕಾದವನು ತಪ್ಪಿ ಮೂರಕ್ಕೆ ಹಾಕಿದರೆ ಯಾವ ಏರ್ಪಾಡೂ ಕಾಯಲಾರದು. ಅಂಥ ಪೆಟ್ಟು ಬಿದ್ದಿದೆಯೆ ಎಂಬುದನ್ನು ಈ ದಾಖಲೆ ಹೇಳುತ್ತದೆ.

ಇದೇ ದಾಖಲೆಯಿಂದ ಮೀಟರಿನ ಮೋಸವನ್ನೂ ಹಿಡಿಯಬಹುದು. ಮೀಟರು 30,000 ಕಿಲೋಮೀಟರು ತೋರಿಸುತ್ತಿದೆ, ಇಂಜಿನು 1,200 ಗಂಟೆ ಓಡಿದೆ ಎನ್ನೋಣ. ಸರಾಸರಿ ಗಂಟೆಗೆ 25 ಕಿಲೋಮೀಟರು. ನಗರದ ಓಡಾಟಕ್ಕೆ ಸರಿಹೊಂದುತ್ತದೆ. ಅದೇ 30,000ಕ್ಕೆ 3,000 ಗಂಟೆಯಾಗಿದ್ದರೆ? ಗಂಟೆಗೆ 10 ಕಿಲೋಮೀಟರು! ದಾದರಿನ ಸಂಜೆಯ ಸಂದಣಿಯಲ್ಲಿಯೂ ವರ್ಷವಿಡೀ ಅಷ್ಟು ನಿಧಾನವಾಗಿ ಯಾರೂ ಓಡಿಸಲಾರರು. ಮೀಟರನ್ನು ಹಿಂದಕ್ಕೆ ತಿರುಗಿಸಿದವನು ಗಂಟೆಯನ್ನು ತಿರುಗಿಸಲು ಮರೆತಿದ್ದಾನೆಂದೇ ಊಹಿಸಬೇಕಾಗುತ್ತದೆ.

ಪರೀಕ್ಷೆಗೆ ತುಸು ಮುನ್ನ ದೋಷದ ಸಂಕೇತಗಳನ್ನು ಅಳಿಸಿಡುವ ಜಾಣರೂ ಇದ್ದಾರೆ. ಆದರೆ ಹಾಗೆ ಅಳಿಸಿದಾಗ ಗಾಡಿಯ ಸ್ವಯಂಪರೀಕ್ಷೆಗಳೂ 'ಅಪೂರ್ಣ'ವಾಗಿ ನಿಲ್ಲುತ್ತವೆ. ಬಲ್ಲ ಪರೀಕ್ಷಕನು ಅದನ್ನೇ ಮೊದಲು ನೋಡುತ್ತಾನೆ.

ಚಕ್ರ, ಬ್ರೇಕು, ರಬ್ಬರು

ಟೈರಿನ ಬದಿಯಲ್ಲಿ ಅದು ಹುಟ್ಟಿದ ವಾರವೂ ವರ್ಷವೂ ನಾಲ್ಕು ಅಂಕಿಗಳಲ್ಲಿ ಅಚ್ಚಾಗಿರುತ್ತವೆ. 2319 ಎಂದರೆ 2019ರ 23ನೆಯ ವಾರ. ಸ್ಪೋರ್ಟ್ಸ್ ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚಾದುದರಿಂದ, ಗೆರೆ ಸವೆಯದೆ ರಬ್ಬರು ಮಾತ್ರ ಗಟ್ಟಿಯಾದ ಟೈರುಗಳು ಸಾಮಾನ್ಯ. ನೋಡಲು ಹೊಸತು, ಮಳೆಯಲ್ಲಿ ಯಮದೂತ. ಪೋರ್ಷೆಯ ಮೇಲೆ ಹಳದಿ ಬಣ್ಣದ ಬ್ರೇಕ್ ಹಿಡಿಕೆಗಳಿದ್ದರೆ ಅವು ಸಿರಾಮಿಕ್ ತಟ್ಟೆಯ ಬ್ರೇಕುಗಳ ಗುರುತು; ಬದಲಿಸುವ ವೆಚ್ಚ ಕಣ್ಣು ತೇಲಿಸುವಂಥದು. ತಟ್ಟೆಯ ಅಂಚು ಒಡೆದಿದೆಯೆ ಎಂದು ನೋಡಬೇಕು. ಬರಿಯ ಹಳದಿ ಬಣ್ಣ ಬಳಿದಿದ್ದಾರೆಯೆ ಎಂದೂ ನೋಡಬೇಕು.

ಮಡಿಚುವ ಛಾವಣಿಯ ಗಾಡಿಗಳಲ್ಲಿ ಮಳೆನೀರು ಹೊರಹೋಗುವ ಸಣ್ಣ ಕಾಲುವೆಗಳು ಎಲೆಕಸದಿಂದ ಕಟ್ಟಿದರೆ ನೀರು ನೆಲಹಾಸಿಗೆ ಇಳಿಯುತ್ತದೆ. ಬಾಕ್ಸ್‌ಸ್ಟರಿನ ಹಳೆಯ ಮಾದರಿಯಲ್ಲಿ ಗಾಡಿಯ ಬೀಗದ ವಿದ್ಯುನ್ಮಾನ ಪೆಟ್ಟಿಗೆ ಆಸನದ ಕೆಳಗೇ ಇದೆ. ಅದು ನೆನೆದರೆ ಗಾಡಿ ಕದಲುವುದಿಲ್ಲ. ಮುಂಬಯಿ ಮಳೆಗಾಲ ಕಂಡ ಗಾಡಿಯಲ್ಲಿ ಇದನ್ನು ಮರೆಯದೆ ನೋಡಬೇಕು. ನಮ್ಮ ದೇಶದ ಪೆಟ್ರೋಲಿನಲ್ಲಿ 2025ರ ಹೊತ್ತಿಗೆ ಎಥನಾಲಿನ ಪ್ರಮಾಣ ಶೇಕಡಾ 20ಕ್ಕೆ ಏರಿರುವುದರಿಂದ, ಅದಕ್ಕಾಗಿ ತಯಾರಾಗದ ಹಳೆಯ ಗಾಡಿಗಳ ಇಂಧನ ಕೊಳವೆ, ಸೀಲುಗಳ ಸ್ಥಿತಿಯನ್ನೂ ಪಟ್ಟಿಗೆ ಸೇರಿಸುವುದು ಒಳಿತು.

ಹಿಂದಿನ ಒಡೆಯನು ಸೈಲೆನ್ಸರು ಬದಲಿಸಿ, ಚಕ್ರ ಹಿಗ್ಗಿಸಿ, ಇಂಜಿನಿನ ಶಕ್ತಿ ಏರಿಸಿದ್ದಾನೆಯೆ? ತಯಾರಕರ ಮೂಲ ವಿವರಗಳಿಗೂ ನೋಂದಣಿ ಪುಸ್ತಕಕ್ಕೂ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲವೆಂದು ಸುಪ್ರೀಮ್ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಅವನ ಶೋಕಿಗೆ ನೀವು ದಂಡ ತೆರಬೇಕಾಗಬಹುದು; ಅಪಘಾತವಾದಾಗ ವಿಮೆಯವರ ಆಕ್ಷೇಪಕ್ಕೂ ಅದು ಕಾರಣವಾಗಬಹುದು.

ಕೊನೆಗೆ ರಸ್ತೆಯ ಪರೀಕ್ಷೆ. ಇದನ್ನು ಪರೀಕ್ಷಕನೇ ನಡೆಸಲಿ. ಕೊಳ್ಳುವವನು ಪಕ್ಕದಲ್ಲಿ ಕುಳಿತಿರಲಿ. ಚಾಲನಚಕ್ರ ಕೈಗೆ ಬಂದೊಡನೆ ಕೊಳ್ಳುವವನ ಬುದ್ಧಿ ಹಿಂದೆ ಉಳಿದು ಹೃದಯ ಮುಂದೆ ಓಡುತ್ತದೆ. ಅರ್ಧ ಗಂಟೆಯಾದರೂ ಓಡಿಸಿ, ಎಣ್ಣೆ ಚೆನ್ನಾಗಿ ಬಿಸಿಯಾದ ಮೇಲೆ ಗೇರು ಹಲ್ಲು ಕಡಿಯುತ್ತದೆಯೆ, ಬ್ರೇಕು ಒಂದೆಡೆಗೆ ಎಳೆಯುತ್ತದೆಯೆ, ಸಂದಣಿಯಲ್ಲಿ ನಿಂತಾಗ ಇಂಜಿನಿನ ಬಿಸಿ ಏರುತ್ತದೆಯೆ ಎಂದು ನೋಡಬೇಕು.

ವರದಿಯನ್ನು ಓದುವ ಬಗೆ

ಪರೀಕ್ಷಕನ ವರದಿ ಬರಹದಲ್ಲಿರಲಿ, ಚಿತ್ರಗಳೊಡನೆ ಇರಲಿ. ಹಳೆಯ ಗಾಡಿಯ ವರದಿಯಲ್ಲಿ ಇಪ್ಪತ್ತು ದೋಷಗಳಿದ್ದರೆ ಎದೆಗುಂದಬೇಕಾಗಿಲ್ಲ. ಒಂದು ದೋಷವೂ ಇಲ್ಲದ ವರದಿಯನ್ನೇ ನಾವು ಹೆಚ್ಚು ಶಂಕಿಸುತ್ತೇವೆ. ಆ ದೋಷಗಳನ್ನು ಮೂರು ಗುಂಪು ಮಾಡಿಕೊಳ್ಳಿರಿ. ವಯಸ್ಸಿನ ಸಹಜ ಸವಕಳಿ ಮೊದಲನೆಯದು, ಅದನ್ನು ಒಪ್ಪಿಕೊಳ್ಳಬೇಕು. ಹಣದಿಂದ ಸರಿಪಡಿಸಬಹುದಾದವು ಎರಡನೆಯದು: ಟೈರು, ಬ್ರೇಕು, ಕ್ಲಚ್ಚು, ಎಣ್ಣೆ ಜಿನುಗುವ ಸೀಲು. ಇವುಗಳ ಖರ್ಚನ್ನು ಬರೆಯಿಸಿಕೊಂಡು ಬೆಲೆಯಿಂದ ಕಳೆಯಬೇಕು. ಪರೀಕ್ಷೆಯ ಶುಲ್ಕ ಅನೇಕ ವೇಳೆ ಇಲ್ಲಿಯೇ ಮರಳಿ ಬರುತ್ತದೆ. ಮೂರನೆಯದು ಯಾವ ಬೆಲೆಗೂ ಒಪ್ಪಬಾರದವು: ಹೊಂದದ ಚಾಸಿ ಸಂಖ್ಯೆ, ಮುರಿದ ಎಲುಬು, ಮುಳುಗಿದ ಮೈ, ತಿರುಗಿಸಿದ ಮೀಟರು, ಗೀರಿದ ಸಿಲಿಂಡರು. ಇವುಗಳಲ್ಲಿ ಒಂದು ಕಂಡರೂ ಕೈಮುಗಿದು ಹೊರಡಬೇಕು.

ಪರೀಕ್ಷೆಗೇ ಮಾರುವವನು ಒಪ್ಪದಿದ್ದರೆ? 'ಇನ್ನೊಬ್ಬರು ಮುಂಗಡ ಕೊಡಲು ನಿಂತಿದ್ದಾರೆ, ನಾಳೆ ಗಾಡಿ ಇರುವುದಿಲ್ಲ' ಎಂದರೆ? ಆಗ ಪರೀಕ್ಷೆಯ ಶುಲ್ಕವೂ ಉಳಿಯಿತೆಂದು ಸಂತೋಷಪಡಿರಿ. ಒಳ್ಳೆಯ ಗಾಡಿಯ ಒಡೆಯನು ಪರೀಕ್ಷೆಗೆ ಹೆದರುವುದಿಲ್ಲ. ಅವನು ವರ್ಷ ವರ್ಷದ ಸರ್ವಿಸಿನ ರಸೀದಿಗಳನ್ನು ಒಂದು ಕಡತದಲ್ಲಿಟ್ಟು, ಕೇಳುವ ಮುನ್ನವೇ ತೆರೆದು ತೋರಿಸುತ್ತಾನೆ. ಅಂಥವನ ಗಾಡಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಇಷ್ಟೆಲ್ಲ ಹೇಳಿದುದು ಯಾರ ಬಯಕೆಗೂ ತಣ್ಣೀರೆರಚಲೆಂದಲ್ಲ. ಪುಣೆಯಿಂದ ಘಟ್ಟವಿಳಿದು ಕೊಂಕಣದ ತಿರುವುಗಳಲ್ಲಿ ಒಳ್ಳೆಯ ಗಾಡಿಯೊಂದನ್ನು ಓಡಿಸುವ ಸಂತೋಷವನ್ನು ನಾವು ಅಲ್ಲಗಳೆಯುವುದಿಲ್ಲ. ಆ ಸಂತೋಷ ಮೊದಲ ದಿನದ್ದಾಗಿ ಮುಗಿಯದೆ ವರ್ಷಗಳ ಕಾಲ ಉಳಿಯಲಿ ಎಂಬುದೇ ನಮ್ಮ ಆಶಯ. ಊರಿನಲ್ಲಿ ತಂದೆತಾಯಿಗಳಿಗೆ ಕಳುಹಿಸಬೇಕಾದ ಹಣ, ಮಕ್ಕಳ ವಿದ್ಯಾಭ್ಯಾಸದ ಹಣ ಗ್ಯಾರೇಜಿನ ಪಾಲಾಗದಿರಲಿ. ಮುಂಗಡ ಕೊಡುವ ಕೈ ಒಂದು ವಾರ ತಡೆಯಲಿ. ಆ ವಾರದಲ್ಲಿ ಬಲ್ಲವನೊಬ್ಬನ ಕಣ್ಣು ಗಾಡಿಯ ಒಳಹೊರಗನ್ನು ನೋಡಿ ಬರಲಿ.